ತರಗೆಲೆಯ ಮೇಲೆ ತುದಿಗಾಲು

ಬ್ರೆಡ್ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಗೂಬೆ ಎಂದೇ ಕರೆಯುವುದು. ಅವನಿಗೇನೂ ಬೇಸರವಿಲ್ಲ. ಶಾಲೆಯಲ್ಲಿ ಬುದ್ಧಿ ನೋಡಿ ಹಾಗೆ ಕರೆಯುತ್ತಿದ್ದರು, ಈಗ ರಾತ್ರಿ ಪಾಳಿ ನೋಡಿ ಕರೆಯುತ್ತಾರೆ. ಅವನ ಪಾಲಿಗೆ ಅದೇ ಬಡ್ತಿ. ಊರಿಗೆಲ್ಲ ಬ್ರೆಡ್ ಕತ್ತರಿಸಿ, ಪೊಟ್ಟಣ ಕಟ್ಟಿ, ಊರು ಅದನ್ನು ತಿನ್ನಲು ಕೂರುವ ಹೊತ್ತಿಗೆ ಅವನು ಮುಸುಕೆಳೆದಿರುತ್ತಾನೆ.

ಮನೆಯಿರುವುದೇ ಒಂದೂವರೆ ಕೋಣೆ. ಅವನು ಮಲಗಿದರೆ ಮನೆಯೂ ಮಲಗಬೇಕು. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಬಟ್ಟೆ ಹಾಸಬೇಕು. ನಾಲ್ಕು ವರ್ಷದ ಮಗಳು ತುದಿಗಾಲಲ್ಲೇ ಓಡಾಡಬೇಕು. ಕುಣಿಯುವ ಆಸೆಯಾದರೆ ಹೆಂಡತಿ ಅವಳನ್ನು ಕೆಳಗಿನ ಅಂಗಳಕ್ಕೆ ಕರೆದೊಯ್ಯುತ್ತಾಳೆ. ಅಲ್ಲಿ ಹುಡುಗಿ ಚಿನಕುರುಳಿ. ಆ ಅಬ್ಬರವನ್ನು ಅವನು ಕೇಳಿರುವುದು ಹೆಂಡತಿ ಫೋನಿಗೆ ಕಳಿಸುವ ವಿಡಿಯೊದಲ್ಲಿ ಮಾತ್ರ, ಚಹಾದ ಬಿಡುವಿನಲ್ಲಿ, ಯಂತ್ರಗಳ ಗದ್ದಲದ ನಡುವೆ. ಅಪ್ಪನ ಎದುರು ಮಗಳದು ಬರೀ ಪಿಸುಮಾತು.

ಚಳಿ ಕಚ್ಚುವುದಕ್ಕೆ ಮುಂಚಿನ ಕೊನೆಯ ಬಿಸಿಲಿನ ದಿನ ರಜೆ ಸಿಕ್ಕಿತು. ಕಾಡಿಗೆ ಹೋಗೋಣವೆಂದ.

"ನಿದ್ದೆ ಮಾಡಲ್ವಾ?" ಎಂದಳು ಹೆಂಡತಿ.

"ನಿದ್ದೆ ಎಲ್ಲೂ ಓಡಿಹೋಗಲ್ಲ. ಒಂದ್ಸಲನಾದ್ರೂ ಇವಳು ಕಿರುಚೋದನ್ನ ಎದುರಿಗೇ ಕೇಳ್ಬೇಕು ಕಣೇ."

"ಜನ ಮಕ್ಕಳ ಬಾಯಿ ಮುಚ್ಸೋಕೆ ಒದ್ದಾಡ್ತಾರೆ. ನಿಂದೊಂದು ಉಲ್ಟಾ."

ಕಾಲುದಾರಿಯ ತುಂಬ ಪಾದ ಮುಳುಗುವಷ್ಟು ತರಗೆಲೆ. ತುಳಿದರೆ ಸತ್ತವನೂ ಎದ್ದು ಕೂರುವಂಥ ಸದ್ದು. ಅವನು ಬೇಕೆಂದೇ ಧಪಧಪನೆ ತುಳಿದು ತಿರುಗಿ ನೋಡಿದ. ಮಗಳು ಎಲೆಯಿಲ್ಲದ ಕಲ್ಲು, ಬೇರುಗಳನ್ನು ಹುಡುಕಿ ಹುಡುಕಿ ತುದಿಗಾಲಲ್ಲಿ ಬರುತ್ತಿದ್ದಳು.

"ತುಳಿಯೇ ಮರಿ."

ಅವಳು ತುಟಿಗೆ ಬೆರಳಿಟ್ಟಳು. "ಶ್‌... ಅಪ್ಪ ಇದಾನೆ."

"ಅಪ್ಪ ಅಂದ್ರೆ ನಾನೇ ಅಲ್ವೇನೇ?"

"ಅದಕ್ಕೇ," ಎಂದು ಪಿಸುಗುಟ್ಟಿದಳು.

ಹೆಂಡತಿ ಶಾಲಿನಲ್ಲಿ ನಗು ಮುಚ್ಚಿಕೊಂಡಳು. ಅವನೂ ನಗಲು ಹೋದ. ಆಗಲಿಲ್ಲ. ಕುದುರೆಯಾಗಿ ಕೆನೆದ, ನರಿಯಾಗಿ ಊಳಿಟ್ಟ, ತನ್ನ ತಲೆಗೆ ತಾನೇ ಎಲೆ ಸುರಿದುಕೊಂಡ. ಬಸ್ಸಿನಲ್ಲಿ ಒಬ್ಬನೇ ಮಾತಾಡಿಕೊಳ್ಳುವವನನ್ನು ನೋಡುವಂತೆ ಮಗಳು ಅವನನ್ನು ನೋಡಿ ಅಮ್ಮನ ಹಿಂದೆ ಸರಿದಳು.

ಸೋತು ಒಂದು ಮರದ ಬುಡದಲ್ಲಿ ಉರುಳಿಕೊಂಡ. ರಾತ್ರಿಗಳ ಬಾಕಿಯೆಲ್ಲ ರೆಪ್ಪೆಯ ಮೇಲೆ ಕೂತಿತು, ಕಣ್ಣು ಮುಚ್ಚಿದ. ಮಗಳು ಸದ್ದಾಗದಂತೆ ಒಂದೊಂದೇ ಎಲೆ ತಂದು ಅವನ ಎದೆಗೆ ಹೊದಿಸಿದಳು. ಆಮೇಲೆ ಅಮ್ಮನಿಗೆ ಮೆಲ್ಲಗೆ ಹೇಳಿದಳು: "ಬಾ, ದೂರ ಹೋಗೋಣ. ಇಲ್ಲಿ ಆಡಿದ್ರೆ ಎದ್ಬಿಡ್ತಾನೆ."

ಹೆಜ್ಜೆಗಳು ದೂರವಾದವು. ಸ್ವಲ್ಪ ಹೊತ್ತಿಗೆ ಇಳಿಜಾರಿನ ಕಡೆಯಿಂದ ಎಲೆಗಳ ರಾಶಿಗೆ ಧುಮುಕಿದ ಸದ್ದು, ಅದರ ಹಿಂದೆಯೇ ಕೇಕೆ, ಬಿಕ್ಕಳಿಕೆ ಬರುವಷ್ಟು ನಗು. ಮರಗಳ ನಡುವೆ ಅದು ಉರುಳಾಡಿತು. ಅವನಿಗೆ ತಡೆಯಲಾಗಲಿಲ್ಲ, ಮೊಣಕೈಯೂರಿ ತಲೆಯೆತ್ತಿದ.

ಅತ್ತ ಮಗಳ ಪುಟ್ಟ ಕೆಂಪು ಟೋಪಿ ಇತ್ತ ತಿರುಗಿತು. ಕಾಡು ಗಪ್‌ಚಿಪ್ಪಾಯಿತು.

ಅವನು ಮೆತ್ತಗೆ ಮತ್ತೆ ಎಲೆಯೊಳಗೆ ಇಳಿದು, ಕಣ್ಣು ಬಿಗಿಯಾಗಿ ಮುಚ್ಚಿ, ಅವಳಿರುವಲ್ಲಿಗೆ ಕೇಳಿಸಲೆಂದು ಗೊರಕೆ ಹೊಡೆಯತೊಡಗಿದ.