ಅಕ್ಕನ ಮಗಳಿಗೆ ಹೆಣೆದ ಕುದುರೆ

ಅಕ್ಕನ ಮಗಳ ಕಾಲು ಮುರಿದದ್ದು ನನ್ನಿಂದ. ಮೊದಲೇ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನನಗೆ ಇಪ್ಪತ್ತೆರಡು ವರ್ಷ. ಕುಣಿಗಲ್ಲಿನ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. ಅಕ್ಕನನ್ನು ಗುಬ್ಬಿಗೆ ಕೊಟ್ಟಿದ್ದರು. ಭಾವನಿಗೆ ಅಲ್ಲಿ ಕಿರಾಣಿ ಅಂಗಡಿ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಅಂದಿನಿಂದ ನನ್ನ ತಲೆ ಬಾಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು, ಮದುವೆಯಾದ ಮೇಲೂ ಭಾವನ ಹತ್ತಿರ ಹಟ ಹಿಡಿದು ನನ್ನನ್ನು ಟೀಚರ್ ಟ್ರೈನಿಂಗಿಗೆ ಸೇರಿಸಿದವಳು ಅವಳೇ. ಬಹಳ ವರ್ಷ ಮಕ್ಕಳಾಗದೆ ಆಮೇಲೆ ಹುಟ್ಟಿದ ಒಬ್ಬಳೇ ಮಗಳು ಅವಳಿಗೆ.

ಆ ಸಲ ದಸರಾ ರಜಕ್ಕೆ ಅಕ್ಕ ಮಗಳನ್ನು ಕರೆದುಕೊಂಡು ನನ್ನ ಬಾಡಿಗೆ ಕೋಣೆಗೆ ಬಂದಳು. ಮಗುವಿಗೆ ನಾಲ್ಕೂವರೆ ವರ್ಷ. ಊರಾಚೆ ಕುದುರೆ ಫಾರಂ ಇದೆಯೆಂದು ಕೇಳಿದ್ದೇ ತಡ, "ಚಿಕ್ಕಿ, ಕುದ್ರೆ ತೋರ್ಸು" ಎಂದು ನನ್ನ ಸೆರಗು ಬಿಡಲಿಲ್ಲ. ಊಟವಾಗಿ ಅಕ್ಕ ಸ್ವಲ್ಪ ಅಡ್ಡಾದಳು. "ಹುಷಾರು ಕಣೇ, ಕೈ ಬಿಡ್ಬೇಡ" ಎಂದು ಮಲಗಿದ್ದಲ್ಲಿಂದಲೇ ಹೇಳಿದಳು.

ರಸ್ತೆಯಿಂದ ಬೇಲಿಯಾಚೆಗೆ ಮಗುವಿಗೆ ಏನೂ ಕಾಣುತ್ತಿರಲಿಲ್ಲ. ಅಲ್ಲೇ ಇದ್ದ ಮೋರಿಯ ಕಟ್ಟೆಯ ಮೇಲೆ ಅವಳನ್ನು ನಿಲ್ಲಿಸಿ ಸೊಂಟ ಹಿಡಿದುಕೊಂಡೆ. ದೂರದಲ್ಲಿ ಹುಲ್ಲು ಮೇಯುತ್ತಿದ್ದ ಕುದುರೆಯ ಹೊಟ್ಟೆಯಡಿಯಿಂದ ಒಂದು ಮರಿ ಚಂಗನೆ ನೆಗೆದು ಓಡಿತು. ಅಷ್ಟು ಉದ್ದದ ಕಾಲಿನ ಅಷ್ಟು ಚಿಕ್ಕ ಪ್ರಾಣಿಯನ್ನು ನಾನೂ ನೋಡಿರಲಿಲ್ಲ. "ಮರಿ ನೋಡೇ, ಮರಿ!" ಎಂದು ಬೆರಳು ತೋರಿಸಿದೆ. ಬೆರಳು ತೋರಿಸಲು ಕೈ ಬಿಟ್ಟಿದ್ದೆ. ಮಗು ಖುಷಿಗೆ ಕುಣಿದು ಹಿಂದಕ್ಕೆ ವಾಲಿ ಕಲ್ಲುಗಳ ಮೇಲೆ ಬಿತ್ತು.

ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಎತ್ತಿಕೊಂಡು ಅಕ್ಕನಿದ್ದ ಕೋಣೆಗೆ ಓಡಿದೆ. ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಜಟಕಾ ಹೊಡೆಯುವ ಸಾಹೇಬರು. ಬಸ್ ಸ್ಟ್ಯಾಂಡಿನ ತನಕ ನಮ್ಮನ್ನು ಕರೆದೊಯ್ದವರು ಅವರೇ. ತುಮಕೂರಿನ ಆಸ್ಪತ್ರೆ ತಲುಪುವವರೆಗೂ ಮಗು ಅತ್ತಿತು. ಬಸ್ಸಿನಲ್ಲಿ ನಾನು ದಿಕ್ಕು ತೋಚದೆ, "ಅಳ್ಬೇಡ ಪುಟ್ಟಿ, ನಿಂಗೊಂದು ಕುದ್ರೆ ತಂದ್ಕೊಡ್ತೀನಿ" ಎಂದೆ. ಅಕ್ಕ ನನ್ನ ಕಡೆ ತಿರುಗಲೇ ಇಲ್ಲ. ಪ್ಲಾಸ್ಟರ್ ಹಾಕಿದ ಮೇಲೆ ವಾರ್ಡಿನ ಬಾಗಿಲಲ್ಲಿ ಒಂದೇ ಒಂದು ಮಾತು ಆಡಿದಳು: "ನಿನ್ ಕೈಗೆ ಕೊಟ್ನಲ್ಲ, ತಪ್ಪು ನಂದೇ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ನಾನು ಬರೆದ ಇನ್‌ಲ್ಯಾಂಡ್ ಲೆಟರುಗಳಿಗೆಲ್ಲ ಭಾವ ಉತ್ತರ ಬರೆದರು. ಅಕ್ಕನ ಅಕ್ಷರ ಒಂದು ಸಾಲೂ ಇರಲಿಲ್ಲ.

ಕುದುರೆಗಾಗಿ ತುಮಕೂರಿನ ಅಂಗಡಿಗಳನ್ನು ಹುಡುಕಿದೆ. ಸಿಕ್ಕಿದ್ದು ಪ್ಲಾಸ್ಟಿಕ್ ಕುದುರೆ, ಕಾಲು ಚೂಪಾಗಿ ಚುಚ್ಚುವಂಥದ್ದು. ಮಲಗಿರುವ ಮಗುವಿನ ಪಕ್ಕದಲ್ಲಿ ಇಡುವ ವಸ್ತು ಮೆತ್ತಗಿರಬೇಕು ಅನ್ನಿಸಿತು. ಆಗ ನೆನಪಾದದ್ದು ಮನೆಯಾಕೆ, ಸಾಹೇಬರ ಹೆಂಡತಿ. ಅವರನ್ನು ನಾನು ಆಪಾ ಎನ್ನುತ್ತಿದ್ದೆ. ಊರಿನ ಅರ್ಧ ಮಕ್ಕಳ ಸ್ವೆಟರು ಅವರ ಕೈಯದೇ. ಹೋಗಿ ಕೇಳಿದೆ: "ಆಪಾ, ಉಲ್ಲನ್ನಲ್ಲಿ ಕುದುರೆ ಮಾಡಕ್ಕಾಗುತ್ತಾ?"

"ಸ್ವೆಟರ್ ಗೊತ್ತು, ಟೋಪಿ ಗೊತ್ತು. ಕುದ್ರೆ ಯಾರ್ ಹಾಕ್ಕೊಳ್ತಾರೆ?" ಎಂದು ನಕ್ಕರು. ವಿಷಯ ಹೇಳಿದ ಮೇಲೆ ನಗು ನಿಲ್ಲಿಸಿ, ಪೆಟ್ಟಿಗೆಯಿಂದ ಎರಡು ಕಡ್ಡಿ ತೆಗೆದು ನನ್ನ ಮುಂದೆ ಇಟ್ಟರು. "ನಾನ್ ಮಾಡ್ಕೊಡಲ್ಲ. ನೀನೇ ಮಾಡು. ಮಾತು ಕೊಟ್ಟೋಳು ನೀನಲ್ವಾ?"

ಕಡ್ಡಿ ಹಿಡಿದು ಗೊತ್ತಿರದ ಕೈ ನನ್ನದು. ಶಾಲೆ ಬಿಟ್ಟು ಬಂದು, ಸಂಜೆ ಬೆಳಕು ಇರುವವರೆಗೆ ಅವರ ಪಡಸಾಲೆಯಲ್ಲಿ ಕೂರುತ್ತಿದ್ದೆ. ಇಪ್ಪತ್ತನಾಲ್ಕು ಕುಣಿಕೆ ಹಾಕಿಕೊಟ್ಟು, ಬರೀ ಸೀದಾ ಹೆಣೆಯುತ್ತಾ ಹೋಗು, ಉಲ್ಟಾ ಸದ್ಯಕ್ಕೆ ಬೇಡ ಎಂದರು. ನಾನು ನೂಲನ್ನು ಎಷ್ಟು ಬಿಗಿಯಾಗಿ ಎಳೆಯುತ್ತಿದ್ದೆನೆಂದರೆ ಎರಡನೇ ಸಾಲಿಗೇ ಕುಣಿಕೆಯೊಳಗೆ ಕಡ್ಡಿ ತೂರುತ್ತಿರಲಿಲ್ಲ. ಅಂಗೈ ಬೆವರಿ ಉಲ್ಲನ್ ಬೆರಳಿಗೆ ಅಂಟುತ್ತಿತ್ತು.

"ಯಾರ್ ಮೇಲಮ್ಮ ಸಿಟ್ಟು?" ಆಪಾ ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿದರು. "ಸಡಿಲ ಬಿಡು. ನೂಲು ಎಲ್ಲಿಗೂ ಓಡೋಗಲ್ಲ."

ಸಡಿಲ ಬಿಟ್ಟೆ. ಒಂದು ವಾರಕ್ಕೆ ಒಂದು ತುಂಡಾಯಿತು. ಎಣಿಸಿದರೆ ಇಪ್ಪತ್ತನಾಲ್ಕು ಕುಣಿಕೆ ಮೂವತ್ತೊಂದಾಗಿತ್ತು. ಚೌಕವಾಗಿರಬೇಕಾದದ್ದು ಬೀಸಣಿಗೆಯಂತೆ ಅಗಲವಾಗಿ, ನಡುವೆ ಎರಡು ತೂತು ಬೇರೆ. ಆಪಾ ಅದನ್ನು ಬೆಳಕಿಗೆ ಹಿಡಿದು ನೋಡಿ, ತುದಿ ಹಿಡಿದು ಎಳೆದುಬಿಟ್ಟರು. ನನ್ನ ಏಳು ದಿನ ಸರಸರನೆ ಬಿಚ್ಚಿ ಮತ್ತೆ ಉಂಡೆಯಾಯಿತು. ಅಲ್ಲಿಯತನಕ ತಡೆದುಕೊಂಡಿದ್ದ ಅಳು ಆಗ ಬಂತು. ಉಲ್ಲನ್ನಿಗಾಗಿ ಬಂದ ಅಳುವಲ್ಲವೆಂದು ಅವರಿಗೂ ಗೊತ್ತಿತ್ತು. ಒಳಗೆ ಹೋಗಿ ಟೀ ತಂದುಕೊಟ್ಟು, ನಾನು ಕುಡಿದು ಮುಗಿಸುವ ತನಕ ಎದುರಿಗೇ ಕೂತಿದ್ದರು. ಆಮೇಲೆ ಹೊಸದಾಗಿ ಇಪ್ಪತ್ತನಾಲ್ಕು ಕುಣಿಕೆ ಹಾಕಿದರು.

ಹೊಟ್ಟೆ, ನಾಲ್ಕು ಕಾಲು, ಕತ್ತು, ತಲೆ, ಕಿವಿ. ಎಲ್ಲ ಬೇರೆಬೇರೆ ತುಂಡು. ಹೊಲಿದು ಒಳಗೆ ಬೂರುಗದ ಹತ್ತಿ ತುಂಬಿದಾಗ ಎರಡು ತಿಂಗಳು ಕಳೆದಿತ್ತು. ಜಟಕಾ ಬಿಚ್ಚಿ ಒಳಗೆ ಬಂದ ಸಾಹೇಬರ ಮುಂದೆ ಇಟ್ಟೆ. ಕುದುರೆಯ ಜೊತೆ ಜೀವಮಾನ ಕಳೆದವರು. ತಿರುಗಿಸಿ ತಿರುಗಿಸಿ ನೋಡಿದರು.

"ಟೀಚರಮ್ಮ, ಬೇಜಾರ್ ಮಾಡ್ಕೋಬೇಡಿ. ಇದು ಕತ್ತೆ."

"ಯಾಕ್ ಸಾಹೇಬ್ರೇ?"

"ಕತ್ತು ಮುಂದಕ್ಕೋಯ್ತದಲ್ಲ, ಅದಕ್ಕೆ. ಕುದ್ರೆ ಕತ್ತು ಮೇಲಕ್ಕೇಳ್ಬೇಕು. ಬನ್ನಿ ಇಲ್ಲಿ." ಹೊರಗೆ ಕರೆದುಕೊಂಡು ಹೋಗಿ ತಮ್ಮ ಕುದುರೆಯ ಕತ್ತಿನ ಮೇಲೆ ಕೈಯಾಡಿಸಿ ತೋರಿಸಿದರು. ಜೂಲಿಗೆ ಬೇಕಿದ್ದರೆ ಅದರ ಕೂದಲೇ ನಾಲ್ಕು ಎಳೆ ಕತ್ತರಿಸಿಕೊಡುತ್ತೇನೆ ಎಂದರು. ಮಗು ಬಾಯಿಗೆ ಹಾಕಿಕೊಂಡೀತು ಎಂದು ಆಪಾ ಗದರಿದರು. ಕತ್ತು ಬಿಚ್ಚಿ ಮೇಲಕ್ಕೇಳುವಂತೆ ಹೊಲಿದೆ. ಕರಿ ಉಲ್ಲನ್ನಿನ ಎಳೆಗಳನ್ನು ಒಂದೊಂದಾಗಿ ಕಟ್ಟಿ ಜೂಲು ಮಾಡಿದೆ. ಅದೊಂದಕ್ಕೇ ಮೂರು ಸಂಜೆ ಹಿಡಿಯಿತು. "ಹ್ಞಾಂ, ಈಗ ಕುದ್ರೆ," ಎಂದರು ಸಾಹೇಬರು.

ಅಷ್ಟರಲ್ಲಿ ಭಾವನ ಕಾಗದ ಬಂತು. ಪ್ಲಾಸ್ಟರ್ ಬಿಚ್ಚಿ ಮೂರು ವಾರವಾಗಿದೆ, ಮೂಳೆ ಚೆನ್ನಾಗಿ ಕೂಡಿದೆ, ಆದರೆ ಮಗು ಹೆದರಿಕೊಂಡು ಕಾಲೂರುವುದಿಲ್ಲ, ಎತ್ತಿಕೊಂಡೇ ತಿರುಗಬೇಕು ಎಂದು ಬರೆದಿದ್ದರು. ಭಾನುವಾರ ಬೆಳಿಗ್ಗೆ ಕುದುರೆಯನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟು ಹೊರಟೆ. ತುಮಕೂರಿನಲ್ಲಿ ಬಸ್ಸು ಬದಲಿಸಿ ಗುಬ್ಬಿ ತಲುಪುವವರೆಗೂ, ನಾನು ಕುದುರೆ ಕೊಡುವುದು, ಮಗು ಅದನ್ನು ಅಪ್ಪಿಕೊಳ್ಳುವುದು, ಅಕ್ಕನ ಮುಖ ಅರಳುವುದು, ಇದೇ ಕಣ್ಣ ಮುಂದೆ.

ಅಕ್ಕ ಬಾಗಿಲು ತೆಗೆದು, "ಬಾ" ಎಂದಷ್ಟೇ ಅಂದು ಒಳಗೆ ಹೋದಳು. ಮಗು ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿತ್ತು. ನಾನು ಟವೆಲು ಬಿಚ್ಚಿ, "ಪುಟ್ಟಿ, ನೋಡಿಲ್ಲಿ, ನಿನ್ ಕುದ್ರೆ!" ಎಂದು ಅದರ ಮುಂದೆ ಹಿಡಿದೆ.

ಮಗು ಕಿಟಾರನೆ ಕಿರುಚಿತು. "ಕುದ್ರೆ ಬೇಡ! ಕುದ್ರೆ ಬೇಡ! ಬೀಳ್ತೀನಿ!" ಎನ್ನುತ್ತಾ ಚಾಪೆಯ ಮೇಲೇ ಹಿಂದಕ್ಕೆ ಜರುಗಿ ಗೋಡೆಗೆ ಒತ್ತಿಕೊಂಡಿತು.

ಎರಡು ತಿಂಗಳು ಆ ಕುದುರೆಯ ಕಾಲು, ಕಿವಿ, ಜೂಲನ್ನೆಲ್ಲ ಯೋಚಿಸಿದ್ದೆ. ಕುದುರೆಯ ಹೆಸರು ಕೇಳಿದರೆ ಮಗುವಿಗೆ ಏನು ನೆನಪಾದೀತೆಂದು ಒಂದು ದಿನವೂ ಯೋಚಿಸಿರಲಿಲ್ಲ. ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನಿಂತೆ.

ಅಕ್ಕ ಅಡುಗೆಮನೆಯಿಂದ ಓಡಿಬಂದಳು. ಮಗುವನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಬೆನ್ನ ಹಿಂದೆ ಕೈಹಾಕಿ ಕುದುರೆಯನ್ನು ತೆಗೆದುಕೊಂಡು ಹೊಲಿಗೆಯನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿದಳು.

"ನೀನೇ ಮಾಡಿದ್ದಾ?"

ತಲೆಯಾಡಿಸಿದೆ. ಅಕ್ಕ ಮಗುವಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ಯಾರೇ ಹೇಳಿದ್ದು ಕುದ್ರೆ ಅಂತ? ಚಿಕ್ಕಿಗೇನ್ ಗೊತ್ತು? ಇದು ನಾಯಿಮರಿ ಕಣೇ. ಕೂದ್ಲು ಬೆಳ್ಕೊಂಡು ಹಿಂಗಾಗಿದೆ ಪಾಪ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಕತ್ರಿಸ್ಲಾ?" ಎಂದಳು.

"ಕತ್ರಿಸಕ್ಕ," ಎಂದೆ.

ಕತ್ತರಿ ತಂದಳು. ಮೂರು ಸಂಜೆಯ ಜೂಲು ಚಾಪೆಯ ಮೇಲೆ ಉದುರಿತು. ನೆಟ್ಟಗಿದ್ದ ಕಿವಿಗಳನ್ನು ಕೆಳಕ್ಕೆ ಮಡಿಸಿ ಎರಡು ಹೊಲಿಗೆ ಹಾಕಿದಳು. ಕಾಲು ಸ್ವಲ್ಪ ಉದ್ದವಾಗಿದ್ದದ್ದು ಬಿಟ್ಟರೆ ನಾಯಿಯೆಂದು ನಂಬಬಹುದಿತ್ತು. ಮಗು ಬಿಕ್ಕಳಿಸುತ್ತಲೇ ನೋಡುತ್ತಿತ್ತು. ಒಂದು ಬೆರಳಿನಿಂದ ಮೂತಿ ಮುಟ್ಟಿ, "ಕಚ್ಚತ್ತಾ?" ಎಂದು ಕೇಳಿತು. "ಚಿಕ್ಕೀನ ಮಾತ್ರ ಕಚ್ಚತ್ತೆ," ಎಂದಳು ಅಕ್ಕ. ಮಗು ನಕ್ಕಿತು. ಎರಡು ತಿಂಗಳಾದ ಮೇಲೆ ಅಕ್ಕನೂ ನನ್ನ ಮುಖ ನೋಡಿ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಊಟಕ್ಕೇಳು, ಎಷ್ಟ್ ಸೊರಗಿದ್ದೀಯ," ಎಂದಳು.

ಮಗು ಅಂದು ನಡೆಯಲಿಲ್ಲ. ಮಾರನೆಯ ವಾರವೂ ಇಲ್ಲ. ನಡೆದದ್ದು ಸಂಕ್ರಾಂತಿ ಕಳೆದ ಮೇಲೆ, ಭಾವನ ಅಂಗಡಿಯಲ್ಲಿ ಮೂಟೆ ಹಿಡಿದುಕೊಂಡು ನಾಲ್ಕು ಹೆಜ್ಜೆ. ಆ ಸುದ್ದಿಯನ್ನು ಅಕ್ಕನೇ ಬರೆದಿದ್ದಳು, ಇನ್‌ಲ್ಯಾಂಡಿನ ಮಡಿಕೆಯ ಮೇಲೂ ಜಾಗ ಬಿಡದಂತೆ. ಕನ್ನಡ ಓದಲು ಬಾರದ ಆಪಾಗೆ ಅದನ್ನು ಪೂರ್ತಿ ಓದಿ ಹೇಳಿದೆ. ಕುದುರೆ ನಾಯಿಯಾದ ಸಂಗತಿ ಕೇಳಿ ಸಾಹೇಬರು ಮಾತ್ರ, "ಅಷ್ಟ್ ಚೆಂದದ ಕತ್ತು ನಾಯಿಗೆ ಯಾಕ್ರೀ?" ಎಂದರು.