ತಂಗಿಯ ಜ್ವರಕ್ಕೊಂದು ಪ್ರಿಂಟ್‌ಔಟ್

ನನ್ನ ತಂಗಿಗೆ ಜ್ವರ ಬರುತ್ತಿದೆ ಎಂದು ಅವಳ ಅತ್ತೆಯನ್ನು ನಂಬಿಸಲು ಕಂಪ್ಯೂಟರ್ ಪ್ರೋಗ್ರಾಂ ಬರೆದವನು ನಾನು. ನಗಬೇಡಿ. ತೊಂಬತ್ತರ ದಶಕದ ಮಾತಿದು.

ಮೊನ್ನೆ ಅಂಗಡಿಯೊಂದರಲ್ಲಿ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರ್ರ್ ಕರ್ರ್ ಎಂದು ಬಿಲ್ ಹೊಡೆಯಿತು ನೋಡಿ, ಎಲ್ಲ ನೆನಪಾಯಿತು.

ಆಗ ನಾನು ಚಾಮರಾಜನಗರದ ಕಂಪ್ಯೂಟರ್ ಸೆಂಟರೊಂದರಲ್ಲಿ ಮೇಷ್ಟ್ರು. (ಸೆಂಟರ್ ಎಂದರೆ ಒಂದು ರೂಮು, ಎರಡು ಕಂಪ್ಯೂಟರ್, ಬಾಗಿಲಲ್ಲಿ ಚಪ್ಪಲಿಗಳ ರಾಶಿ.) ಮೌಸ್ ಇರಲಿಲ್ಲ. ಕಪ್ಪು ಪರದೆ, ಮಿಣುಕುವ ಕರ್ಸರ್. ಕಮಾಂಡ್ ಟೈಪ್ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದರಲ್ಲೇ ಅದೇನು ಖುಷಿಯಿತ್ತೋ!

ತಂಗಿ ಶೋಭಾಳನ್ನು ಗುಂಡ್ಲುಪೇಟೆ ಹತ್ತಿರದ ಹಂಗಳಕ್ಕೆ ಕೊಟ್ಟು ವರ್ಷವಾಗಿರಲಿಲ್ಲ. ಮೈ ನಡುಗಿ ಜ್ವರ ಬರುತ್ತಿತ್ತು, ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಜ್ವರದ ದಿನ ಬಸ್ ಹತ್ತುವ ಶಕ್ತಿಯಿಲ್ಲ. ಎದ್ದು ಓಡಾಡುವಂತಾದ ದಿನ ಗುಂಡ್ಲುಪೇಟೆಯ ಡಾಕ್ಟರ ಹತ್ತಿರ ಹೋದರೆ ಮೈ ತಣ್ಣಗೆ! ಅವರಾದರೂ ಏನು ಮಾಡಿಯಾರು? ಮಾತ್ರೆ ಕೊಟ್ಟು ಕಳಿಸುತ್ತಿದ್ದರು.

ಅತ್ತೆ ದೇವಮ್ಮ ತೀರ್ಮಾನಿಸಿಬಿಟ್ಟಿದ್ದರು. "ತವರಿಗೋಗಕೆ ನೆಪ ಕಣಪ್ಪ. ವಲೆ ಮುಂದೆ ಕುಂತ್ರೆ ಯಾರ ಮೈಯಾದ್ರೂ ಬಿಸಿಯಾಯ್ತದೆ. ಡಾಕ್ಟ್ರ ಮುಂದೆ ಓದ್ರೆ ಜರಾನೇ ಇರಕಿಲ್ವಲ್ಲ!"

ನಾನು ಥರ್ಮಾಮೀಟರ್ ಕೊಂಡು ಭಾವನ ಕೈಗಿತ್ತೆ. (ಪಾಪ, ಅಮ್ಮನೆದುರು ಅವರಿಗೆ ಬಾಯಿಲ್ಲ.) ಸಂಜೆ ಜ್ವರ ನೋಡುವುದು, ಮರುದಿನ ಕೆಲಸಕ್ಕೆಂದು ಗುಂಡ್ಲುಪೇಟೆಗೆ ಬಂದಾಗ ಎಸ್‌ಟಿಡಿ ಬೂತಿನಿಂದ ನನಗೆ ಹೇಳುವುದು. ನಾನು ಆ ಅಂಕಿಯನ್ನು ಕಂಪ್ಯೂಟರಿನ ಫೈಲಿಗೆ ಸೇರಿಸುತ್ತಿದ್ದೆ.

ಅಂಕಿಗಳು ಒಂದಿಷ್ಟು ಕೂಡಿದ ಮೇಲೆ ಚಿಕ್ಕ ಪ್ರೋಗ್ರಾಂ ಬರೆದೆ. ದಿನಕ್ಕೊಂದು ಸಾಲು, ಜ್ವರ ಹೆಚ್ಚಿದಷ್ಟೂ ಸಾಲಿನಲ್ಲಿ ಹೆಚ್ಚು ನಕ್ಷತ್ರ. ಮೊದಲ ಸಲ ಎಲ್ಲ ಸಾಲೂ ಹೆಚ್ಚುಕಡಿಮೆ ಒಂದೇ ಉದ್ದ ಬಂದವು. ತೊಂಬತ್ತೆಂಟಕ್ಕೂ ನೂರಾಮೂರಕ್ಕೂ ವ್ಯತ್ಯಾಸವೆಷ್ಟು ಮಹಾ? ಮೈಯ ಸಹಜ ಬಿಸಿಯನ್ನು ಕಳೆದು, ಮಿಕ್ಕಿದ್ದಕ್ಕೆ ಮಾತ್ರ ನಕ್ಷತ್ರ ಹಾಕಿಸಿದೆ. ಎಂಟರ್ ಒತ್ತಿದೆ.

ಒಂದು ಸಾಲು ಉದ್ದ, ಒಂದು ಖಾಲಿ. ಮತ್ತೆ ಉದ್ದ, ಮತ್ತೆ ಖಾಲಿ.

ಪ್ರಿಂಟ್ ತೆಗೆದುಕೊಂಡು ಹಂಗಳಕ್ಕೆ ಓಡಿದೆ.

ದೇವಮ್ಮನವರಿಗೆ ಓದು ಬಾರದು. ಕಾಗದವನ್ನು ಜಗಲಿಯ ಮೇಲೆ ಹರಡಿ, ಸಾಲಿಗೊಂದು ಸಂಜೆಯ ಜ್ವರ ಎಂದಷ್ಟೇ ಹೇಳಿದೆ. ಬೆರಳಿಟ್ಟು ಮೇಲಿಂದ ಇಳಿಯುತ್ತ ಬಂದರು. ಬೆರಳು ನಿಂತಿತು.

"ಒಂದಿನ ಬುಟ್ಟು ಒಂದಿನ ಬಂದದೆ ಕಣಪ್ಪ... ಹಂಗಾರೆ ನಾಳೆ ಬತ್ತದಾ?"

"ಬರ್ಬೇಕು ಅತ್ತೆ."

"ನಾಳೇನೇ ಕರ್ಕೊಂಡೋಗನ. ಎಷ್ಟೇ ನಡುಗ್ಲಿ, ಎತ್ಕೊಂಡಾದ್ರೂ ಓಗನ."

ಮರುದಿನ ಮಧ್ಯಾಹ್ನ ಚಳಿ ಹಿಡಿದೇಬಿಟ್ಟಿತು. ದೇವಮ್ಮ ತಮ್ಮ ಕಂಬಳಿ ಹೊದಿಸಿ, ಸೊಸೆಯನ್ನು ಎದೆಗೊರಗಿಸಿಕೊಂಡು ಜೀಪಿನಲ್ಲಿ ಕೂತರು. ಡಾಕ್ಟರು ರಕ್ತ ತೆಗೆಸಿದರು. ಮಲೇರಿಯಾ.

ಔಷಧಿ ನಾಟಿತು. ಮುಂದೆ ಆ ಕಾಗದವನ್ನು ದೇವಮ್ಮ ಬಂದವರಿಗೆಲ್ಲ ಬಿಡಿಸಿ ತೋರಿಸುತ್ತಿದ್ದರಂತೆ: "ನಮ್ಮ ಸೊಸೆ ಜರ ಕಣವ್ವ ಇದು!"

ಚೇತರಿಸಿಕೊಂಡ ಶೋಭಾ ಒಂದು ದಿನ ನನ್ನನ್ನು ಕೇಳಿದಳು. "ಅಣ್ಣ, ಒಂದಿನ ಬತ್ತದೆ, ಒಂದಿನ ಬುಡ್ತದೆ ಅಂತ ನಾನು ಬಾಯಲ್ಲೇ ಏಳಿರ್ನಿಲ್ವಾ?"

ಹೇಳಿದ್ದಳು. ಮನೆಯ ಹೆಣ್ಣುಮಗಳ ಮಾತು ನಮ್ಮ ಕಿವಿಗೆ ಬೀಳಬೇಕಾದರೆ ಅದು ಪ್ರಿಂಟ್ ಆಗಿಯೇ ಬರಬೇಕೇ?