ಹತ್ತೊಂಬತ್ತು ಕಲ್ಲಿನ ಪಟ್ಟಿ

ಸರಪಳಿ ಎಳೆದು ಕಾಡು ಅಳೆಯುವ ಕೆಲಸದಲ್ಲಿ ಲಾರೆನ್ಸ್ ಸಿದ್ದಿಗೆ ಇಪ್ಪತ್ತು ವರ್ಷ ಕಳೆದಿತ್ತು. ಅಕ್ಷರ ಅಷ್ಟಕ್ಕಷ್ಟೇ, ಆದರೆ ಹಳಿಯಾಳ ಸೀಮೆಯ ಒಂದೊಂದು ಗಡಿಕಲ್ಲೂ ಅವನಿಗೆ ಕಂಠಪಾಠ.

ಎಂಬತ್ತಾರನೇ ಇಸವಿಯಲ್ಲಿ ಅವನ ಸರ್ವೆ ತಂಡಕ್ಕೆ ಹೊಸ ಹುಕುಂ ಬಂತು: ನಕಾಶೆಗಳನ್ನೆಲ್ಲ ಅಂಕಿಗಳಾಗಿ ಬರೆದು ಧಾರವಾಡದ ಕಂಪ್ಯೂಟರಿಗೆ ಕಳಿಸಬೇಕು. ಪ್ರತಿ ಕಲ್ಲು ಪೂರ್ವಕ್ಕೆಷ್ಟು, ಉತ್ತರಕ್ಕೆಷ್ಟು. ಕಲ್ಲಿಗೂ ಕಲ್ಲಿಗೂ ನಡುವೆ ಒಂದು ಅಲ್ಪವಿರಾಮ. ಅಲ್ಲಿಯವರು ಬರೆದ ಪ್ರೋಗ್ರಾಂ ಇದ್ದರೆ, ಆ ಪಟ್ಟಿ ಓದಿ ಯಾವ ಊರಿನ ಯಂತ್ರವೂ ಅದೇ ನಕಾಶೆ ಬಿಡಿಸುತ್ತದಂತೆ. ನಕಾಶೆಗಾರ ನಾಗಲಿಂಗಪ್ಪ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಬರೆದ.

ತಿಂಗಳಾದ ಮೇಲೆ ಯಂತ್ರ ಮುದ್ರಿಸಿದ ನಕಾಶೆ ಬಂತು. ಕಾಡಿದ್ದಲ್ಲೆಲ್ಲ ಚುಕ್ಕಿಯೋ ಚುಕ್ಕಿ. ಲಾರೆನ್ಸ್ ಬೆರಳಿಟ್ಟು ಹುಡುಕಿದ. ಕಾಡಿನ ನಡುವಿನ ಅವನ ಕೇರಿ, ಹನ್ನೆರಡು ಮನೆ, ಅವ್ವ ಕ್ರಿಸ್ತಿನಾ ಬಿತ್ತುವ ಭತ್ತದ ಗದ್ದೆ, ಎಲ್ಲದರ ಮೇಲೂ ಚುಕ್ಕಿ. ಕೇರಿಯವರಿಗೆ ಪಟ್ಟಾ ಕೊಡುವುದು ಇದೇ ಕಾಗದ ನೋಡಿ.

"ಸಾಹೇಬ್ರ, ನಮ್ಮ ಕೇರಿ ಎಲ್ಲಿ ಹೋತ್ರಿ?"

"ಸುತ್ತಲಿನ ಗಡಿ ಬರದೇನಲ್ಲೋ. ಒಳಗಿಂದು ಒಳಗ ಬಂತು," ಅಂದ ನಾಗಲಿಂಗಪ್ಪ.

"ಒಳಗಿಂದು ಕಾಡಲ್ರಿ. ಅದಕ್ಕ ಬ್ಯಾರೆ ಕಲ್ಲು ಅದಾವು."

ನಾಗಲಿಂಗಪ್ಪ ತಪ್ಪನ್ನು ತಪ್ಪೆಂದು ಒಪ್ಪುವ ಮನುಷ್ಯ. ಕಚೇರಿಗಳಲ್ಲಿ ಅಂಥವರು ಹುಡುಕಿದರೂ ಸಿಗುವುದಿಲ್ಲ. ನಿಯಮದ ಹಾಳೆ ತೆಗೆದು ನೋಡಿದ. ಗಡಿಯೊಳಗೆ ಬಿಡಬೇಕಾದ ಜಾಗವಿದ್ದರೆ ಬೇರೆ ಕಂಸದೊಳಗೆ ಬೇರೆ ಪಟ್ಟಿ ಬರೆಯಬೇಕಿತ್ತು. ಹಳೆಯ ನಕಾಶೆಯಲ್ಲಿ ಕೇರಿಯ ಗೆರೆಯೇ ಮಾಸಿತ್ತು. ಲಾರೆನ್ಸ್ ನೆನಪಿನಿಂದಲೇ ಹೇಳತೊಡಗಿದ: ಹೊನ್ನೆ ಮರದ ಕಲ್ಲು, ಹಳ್ಳದ ಕಲ್ಲು, ಹುತ್ತದ ಕಲ್ಲು. ಅವನು ನಕಾಶೆಯ ಮೇಲೆ ಬೆರಳಿಟ್ಟಲ್ಲಿ ನಾಗಲಿಂಗಪ್ಪ ಅಳೆದು ಅಂಕಿ ಬರೆದ. ಹತ್ತೊಂಬತ್ತು ಮುಗಿದವು.

"ಈಗ ಮತ್ತ ಹೊನ್ನಿ ಮರದ ಕಲ್ಲು ಬರೀರಿ."

"ಅದನ್ನ ಮೊದಲ ಬರದೇನಲ್ಲೋ!"

"ಹೊಂಟ ಕಲ್ಲಿಗೆ ತಿರುಗಿ ಬರೂತನಕ ನಾವು ಸರಪಳಿ ಸುತ್ತಿ ಇಡೂದಿಲ್ರಿ."

ನಾಗಲಿಂಗಪ್ಪ ಹಾಳೆಯನ್ನು ಮತ್ತೊಮ್ಮೆ ನೋಡಿ ನಕ್ಕುಬಿಟ್ಟ. ಅಲ್ಲೂ ಅದೇ ನಿಯಮವಿತ್ತು. ಗಡಿಬಿಡಿಯಲ್ಲಿ ಅವನು ಮರೆತಿದ್ದ.

ಹೊಸ ನಕಾಶೆ ಬಂದ ದಿನ ಲಾರೆನ್ಸ್ ಒಂದು ಪ್ರತಿ ಕೇಳಿ ಪಡೆದು ಮನೆಗೆ ಒಯ್ದ. ಕ್ರಿಸ್ತಿನಾ ಕಣ್ಣು ಕಿರಿದು ಮಾಡಿ ನೋಡಿದಳು. ಚುಕ್ಕಿಗಳ ನಡುವೆ ಒಂದಿಷ್ಟು ಬಿಳಿ ಜಾಗ.

"ಇಲ್ಲಿ ಏನೂ ಇಲ್ಲಲ್ಲೋ?"

"ಅದ ನಮ್ಮ ಮನಿ, ಅವ್ವ," ಅಂದ.